ಮಕ್ಕಳಿಗೆ ದೀರ್ಘಕಾಲದ ಸ್ಟೀರಾಯ್ಡ್: ಅಂಜಬೇಕಾದುದು ಯಾವುದಕ್ಕೆ?

ಕಳೆದ ಮಳೆಗಾಲದಲ್ಲಿ ಇಲವಾಲದ ಸಮೀಪದ ಹಳ್ಳಿಯೊಂದರಿಂದ ಬಂದ ತಾಯಿಯೊಬ್ಬರು ನಮ್ಮೆದುರು ತಮ್ಮ ಐದು ವರ್ಷದ ಮಗನ ಎರಡು ಭಾವಚಿತ್ರಗಳನ್ನು ಇಟ್ಟರು. ಒಂದು ಶಾಲೆಗೆ ಸೇರಿಸುವಾಗ ತೆಗೆಸಿದ್ದು, ಇನ್ನೊಂದು ಚಿಕಿತ್ಸೆ ಆರಂಭವಾಗಿ ಎರಡು ತಿಂಗಳಾದ ಮೇಲಿನದು. ಎರಡನೆಯದರಲ್ಲಿ ಕೆನ್ನೆಗಳು ಉಬ್ಬಿ, ಮುಖ ದುಂಡಗಾಗಿ, ಹಣೆಯ ಮೇಲೆ ನವಿರಾದ ಕೂದಲು ಬೆಳೆದಿತ್ತು. ಮದುವೆಯೊಂದರಲ್ಲಿ ನೆಂಟರು "ಮಾತ್ರೆ ತಿನ್ನಿಸಿ ಮಗುವನ್ನು ಊದಿಸಿಬಿಟ್ಟಿರಲ್ಲ" ಎಂದು ಆಡಿಕೊಂಡರಂತೆ. ಕೂರ್ಗಳ್ಳಿಯ ಕಾರ್ಖಾನೆಯೊಂದರಲ್ಲಿ ದುಡಿಯುವ ತಂದೆ ಆ ರಾತ್ರಿಯೇ ಮಾತ್ರೆಯ ಪಟ್ಟಿಯನ್ನು ಅಟ್ಟಕ್ಕೆ ಎಸೆದರು. ನಾಲ್ಕನೆಯ ದಿನ ಮಗುವಿಗೆ ಜ್ವರ ಬಂದಿತು. ಐದನೆಯ ದಿನ ವಾಂತಿ. ಸಂಜೆಯ ಹೊತ್ತಿಗೆ ಕರೆದರೂ ಕಣ್ಣು ತೆರೆಯದ ಸ್ಥಿತಿ. ಆಸ್ಪತ್ರೆಯಲ್ಲಿ ಚುಚ್ಚುಮದ್ದು, ಸಲೈನ್ ಕೊಟ್ಟ ಮೇಲೆ ಮಗು ಚೇತರಿಸಿಕೊಂಡಿತು. ಆದರೆ ತಾಯಿಯ ಪ್ರಶ್ನೆ ಉಳಿಯಿತು: "ಕೊಟ್ಟರೂ ಕಷ್ಟ, ಬಿಟ್ಟರೂ ಕಷ್ಟ ಎನ್ನುವುದಾದರೆ ನಾವು ಯಾವುದಕ್ಕೆ ಅಂಜಬೇಕು?"

ಈ ಪ್ರಶ್ನೆಯನ್ನು ಕೇಳುವ ಪಾಲಕರು ಅನೇಕರಿದ್ದಾರೆ. ಕಣ್ಣಿಗೆ ಕಾಣುವ ಅಡ್ಡ ಪರಿಣಾಮಗಳಿಗೆ ಬೆದರಿ ಔಷಧವನ್ನು ಬಿಡುವವರು ಒಂದೆಡೆ. ಕಣ್ಣಿಗೆ ಕಾಣದ ಪರಿಣಾಮಗಳ ಅರಿವೇ ಇಲ್ಲದೆ ಹಳೆಯ ಚೀಟಿ ತೋರಿಸಿ ಅದೇ ಮಾತ್ರೆಯನ್ನು ತಿಂಗಳುಗಟ್ಟಲೆ ಮುಂದುವರಿಸುವವರು ಇನ್ನೊಂದೆಡೆ. ನಮ್ಮ ಅನುಭವದಲ್ಲಿ ಮಕ್ಕಳಿಗೆ ಹೆಚ್ಚಿನ ಹಾನಿಯಾಗುವುದು ಈ ಎರಡು ತಪ್ಪುಗಳಿಂದ.

ಮೊದಲು ಸ್ಟೀರಾಯ್ಡ್ ಎಂದರೇನೆಂಬುದನ್ನು ತಿಳಿಯೋಣ. ನಮ್ಮ ಎರಡು ಮೂತ್ರಪಿಂಡಗಳ ತಲೆಯ ಮೇಲೆ ಟೊಪ್ಪಿಗೆಯಿಟ್ಟಂತೆ ಒಂದೊಂದು ಪುಟ್ಟ ಗ್ರಂಥಿ ಇದೆ. ಅದಕ್ಕೆ ಅಡ್ರಿನಲ್ ಗ್ರಂಥಿಯೆಂದು ಹೆಸರು. ಅದು ಸ್ರವಿಸುವ ಕಾರ್ಟಿಸಾಲ್ ಎಂಬ ರಸವು ರಕ್ತದೊತ್ತಡವನ್ನು ಕಾಯುತ್ತದೆ, ಹಸಿದಾಗ ರಕ್ತದ ಸಕ್ಕರೆ ಕುಸಿಯದಂತೆ ನೋಡಿಕೊಳ್ಳುತ್ತದೆ, ಜ್ವರ, ಗಾಯ, ಶಸ್ತ್ರಕ್ರಿಯೆಗಳಂತಹ ಸಂಕಟದ ವೇಳೆಯಲ್ಲಿ ದೇಹಕ್ಕೆ ಆಸರೆಯಾಗುತ್ತದೆ. ಬೆಳಗಿನ ಜಾವದಲ್ಲಿ ಇದರ ಪ್ರಮಾಣ ಏರುತ್ತದೆ, ನಡುರಾತ್ರಿಯಲ್ಲಿ ಇಳಿಯುತ್ತದೆ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಎಷ್ಟು ಬೇಕೋ ಅಷ್ಟನ್ನು ತಯಾರಿಸೆಂದು ಅಡ್ರಿನಲ್‌ಗೆ ಆಜ್ಞೆ ಕಳುಹಿಸುತ್ತಿರುತ್ತದೆ. ಈ ಕಾರ್ಟಿಸಾಲ್‌ನ ಬಂಧುಗಳೇ ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್, ಡೆಫ್ಲಜಾಕಾರ್ಟ್ ಮೊದಲಾದ ಔಷಧಗಳು. ಕಸರತ್ತು ಮಾಡುವವರು ಮಾಂಸಖಂಡ ಬೆಳೆಸಲು ಕಳ್ಳತನದಿಂದ ಬಳಸುವ ಸ್ಟೀರಾಯ್ಡ್ ಬೇರೆಯೇ ಜಾತಿಯದು. ಹೆಸರು ಒಂದೇ ಆದ್ದರಿಂದ ಗೊಂದಲ ಬೇಡ.

ಈ ಔಷಧದ ಚರಿತ್ರೆ ಏಳೆಂಟು ದಶಕಗಳದಷ್ಟೇ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಕೀಲುವಾತದಿಂದ ನರಳುತ್ತಿದ್ದ ಮಹಿಳೆಯೊಬ್ಬರಿಗೆ ಕಾರ್ಟಿಸೋನ್ ಕೊಟ್ಟಾಗ ಕೆಲವೇ ದಿನಗಳಲ್ಲಿ ಅವರು ಎದ್ದು ನಡೆದರು. 1950ರಲ್ಲಿ ಫಿಲಿಪ್ ಹೆಂಚ್, ಎಡ್ವರ್ಡ್ ಕೆಂಡಾಲ್ ಮತ್ತು ಟಾಡಿಯಸ್ ರೈಖ್‌ಸ್ಟೈನ್ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ಆದರೆ ಕಾರ್ಟಿಸಾಲ್ ಮಿತಿಮೀರಿದರೆ ದೇಹ ಏನಾಗುತ್ತದೆಂಬುದನ್ನು ಶಸ್ತ್ರವೈದ್ಯ ಹಾರ್ವೆ ಕುಶಿಂಗ್ ಅದಕ್ಕೂ ಮೊದಲೇ, 1932ರಲ್ಲಿ, ವಿವರವಾಗಿ ಬರೆದಿದ್ದರು. ದುಂಡು ಮುಖ, ಹೊಟ್ಟೆಯ ಬೊಜ್ಜು, ತೆಳುವಾದ ಚರ್ಮ, ದುರ್ಬಲ ಎಲುಬು ಎಲ್ಲವೂ ಆ ವಿವರಣೆಯಲ್ಲಿವೆ. ಒಂದರ್ಥದಲ್ಲಿ ಔಷಧ ಬರುವುದಕ್ಕಿಂತ ಮೊದಲೇ ಅದರ ಅಡ್ಡ ಪರಿಣಾಮಗಳ ಪಟ್ಟಿ ಸಿದ್ಧವಾಗಿತ್ತು.

ಮಕ್ಕಳಿಗೆ ತಿಂಗಳುಗಟ್ಟಲೆ ಸ್ಟೀರಾಯ್ಡ್ ಕೊಡಬೇಕಾಗಿ ಬರುವ ಪ್ರಮುಖ ಕಾಯಿಲೆ ನೆಫ್ರಾಟಿಕ್ ಸಿಂಡ್ರೋಮ್. ಮೇಲೆ ಹೇಳಿದ ಬಾಲಕನಿಗಿದ್ದುದೂ ಇದೇ. ಸಾಮಾನ್ಯವಾಗಿ ಎರಡರಿಂದ ಆರು ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ. ಬೆಳಿಗ್ಗೆ ಏಳುವಾಗ ಕಣ್ಣಿನ ರೆಪ್ಪೆಗಳು ಊದಿರುತ್ತವೆ. ಹುಳು ಕಚ್ಚಿತೆಂದೋ ಶೀತವಾಯಿತೆಂದೋ ಮನೆಯವರು ಸುಮ್ಮನಾಗುತ್ತಾರೆ. ವಾರದೊಳಗೆ ಕಾಲು, ಹೊಟ್ಟೆ ಊದಿಕೊಳ್ಳುತ್ತವೆ. ಮೂತ್ರಪಿಂಡದ ಜರಡಿ ಸಡಿಲವಾಗಿ ರಕ್ತದ ಪ್ರೋಟೀನ್ ಮೂತ್ರದಲ್ಲಿ ಸೋರಿಹೋಗುವುದೇ ಇದಕ್ಕೆ ಕಾರಣ. ಹಿಂದೆ ಇಂತಹ ಮಕ್ಕಳಲ್ಲಿ ಬಹಳಷ್ಟು ಮಂದಿ ಸೋಂಕು ತಗುಲಿ ತೀರಿಕೊಳ್ಳುತ್ತಿದ್ದರು. ಸ್ಟೀರಾಯ್ಡ್ ಬಂದ ಮೇಲೆ ಹತ್ತು ಮಕ್ಕಳಲ್ಲಿ ಎಂಟಕ್ಕಿಂತ ಹೆಚ್ಚು ಮಕ್ಕಳ ಮೂತ್ರ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಊತ ಇಳಿದ ದಿನವೇ ಔಷಧ ಮುಗಿಯಿತೆಂದು ತಿಳಿಯಬಾರದು. ಮೊದಲ ಬಾರಿಯ ಚಿಕಿತ್ಸೆ ಆರು ವಾರ ಪ್ರತಿದಿನ, ಅನಂತರ ಆರು ವಾರ ದಿನ ಬಿಟ್ಟು ದಿನ, ಒಟ್ಟು ಮೂರು ತಿಂಗಳು ನಡೆಯುತ್ತದೆ. ಬಹುಪಾಲು ಮಕ್ಕಳಲ್ಲಿ ಕಾಯಿಲೆ ಒಮ್ಮೆಯಾದರೂ ಮರುಕಳಿಸುತ್ತದೆ, ಕೆಲವರಲ್ಲಿ ಮತ್ತೆ ಮತ್ತೆ. ಹೀಗೆ ಮೂರು ತಿಂಗಳ ಔಷಧ ಮೂರು ವರ್ಷದ ಔಷಧವಾಗುವುದುಂಟು.

ಪ್ರಮಾಣದ ಅಂದಾಜು ಪಾಲಕರಿಗೆ ಇರಲಿ. 15 ಕಿಲೋ ತೂಕದ ಮಗುವಿಗೆ ಆರಂಭದಲ್ಲಿ ದಿನಕ್ಕೆ ಸುಮಾರು 30 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಬೇಕಾಗುತ್ತದೆ. ಆ ಮಗುವಿನ ದೇಹ ತಾನಾಗಿಯೇ ತಯಾರಿಸುವ ಕಾರ್ಟಿಸಾಲ್‌ಗೆ ಹೋಲಿಸಿದರೆ ಇದರ ಬಲ 20 ಪಟ್ಟಿಗೂ ಮೇಲು. ಇಷ್ಟು ದೊಡ್ಡ ಪ್ರಮಾಣ ಒಳಗೆ ಹೋದಾಗ ಎರಡು ಸಂಗತಿಗಳು ಒಟ್ಟಿಗೆ ಸಂಭವಿಸುತ್ತವೆ. ಕಾಯಿಲೆ ಅಡಗುತ್ತದೆ. ಜೊತೆಗೆ ಪಿಟ್ಯುಟರಿಯು "ಹೊರಗಿನಿಂದಲೇ ಬೇಕಾದಷ್ಟು ಬರುತ್ತಿದೆ" ಎಂದು ತಿಳಿದು ತನ್ನ ಆಜ್ಞೆಯನ್ನು ನಿಲ್ಲಿಸುತ್ತದೆ. ಕೆಲಸವಿಲ್ಲದ ಅಡ್ರಿನಲ್ ಗ್ರಂಥಿ ಸೊರಗಿ ನಿದ್ದೆಗೆ ಜಾರುತ್ತದೆ. ಬೇಸಿಗೆಯಲ್ಲಿ ಊರಿಗೆಲ್ಲ ಟ್ಯಾಂಕರ್ ನೀರು ಬರಲಾರಂಭಿಸಿದ ಮೇಲೆ ಹಳೆಯ ಬಾವಿಯನ್ನು ಯಾರೂ ಸೇದುವುದಿಲ್ಲ. ಒಂದು ದಿನ ಟ್ಯಾಂಕರ್ ನಿಂತಾಗ ಬಾವಿಯಲ್ಲಿ ಹೂಳು ಮಾತ್ರ ಇರುತ್ತದೆ. ಆ ಬಾಲಕನಿಗೆ ನಾಲ್ಕು ದಿನಗಳಲ್ಲಿ ಆದದ್ದು ಇದೇ. ಔಷಧ ನಿಂತಿತು, ಗ್ರಂಥಿ ಎಚ್ಚರವಾಗಿರಲಿಲ್ಲ, ಅಷ್ಟರಲ್ಲಿ ಜ್ವರ ಬಂದಿತು. ಆಸರೆಯಿಲ್ಲದ ದೇಹದಲ್ಲಿ ರಕ್ತದೊತ್ತಡವೂ ಸಕ್ಕರೆಯೂ ಕುಸಿದವು.

ಆದ್ದರಿಂದಲೇ ವೈದ್ಯರು ದೀರ್ಘಕಾಲದ ಸ್ಟೀರಾಯ್ಡನ್ನು ಹಂತಹಂತವಾಗಿ ಇಳಿಸುತ್ತಾರೆ. ಬೆಳಿಗ್ಗೆ ತಿಂಡಿಯ ನಂತರವೇ ಕೊಡಿ ಎನ್ನುವುದರ ಹಿಂದೆಯೂ ದೇಹದ ಸಹಜ ಏರಿಳಿತಕ್ಕೆ ಹೊಂದಿಸಿ ಗ್ರಂಥಿಗೆ ಆಗುವ ಅಡಚಣೆ ಕಡಿಮೆ ಮಾಡುವ ಆಲೋಚನೆಯಿದೆ. ರಾತ್ರಿ ಕೊಟ್ಟರೆ ಮಗು ನಿದ್ದೆ ಮಾಡದೆ ಒದ್ದಾಡುವುದೂ ಉಂಟು. ದಿನ ಬಿಟ್ಟು ದಿನ ಕೊಡುವುದರಿಂದ ಗ್ರಂಥಿಗೆ ಉಸಿರಾಡಲು ಬಿಡುವು ದೊರೆಯುತ್ತದೆ, ಎತ್ತರದ ಬೆಳವಣಿಗೆಗೂ ಹಾನಿ ಕಡಿಮೆ. ಔಷಧ ಪೂರ್ತಿ ನಿಂತ ಮೇಲೆಯೂ ಗ್ರಂಥಿ ಚೇತರಿಸಿಕೊಳ್ಳಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಕಳೆದ ಒಂದು ವರ್ಷದಲ್ಲಿ ಎರಡು ವಾರಕ್ಕಿಂತ ಹೆಚ್ಚು ಕಾಲ ದೊಡ್ಡ ಪ್ರಮಾಣದ ಸ್ಟೀರಾಯ್ಡ್ ಸೇವಿಸಿದ ಮಗುವಿಗೆ ತೀವ್ರ ಜ್ವರ, ಬಿಡದ ವಾಂತಿ, ಅಪಘಾತ ಅಥವಾ ಶಸ್ತ್ರಕ್ರಿಯೆ ಎದುರಾದರೆ ಆ ವಿಷಯವನ್ನು ವೈದ್ಯರಿಗೆ ಮೊದಲ ಮಾತಿನಲ್ಲೇ ತಿಳಿಸಬೇಕು. ಆ ಸಮಯದಲ್ಲಿ ಔಷಧವನ್ನು ಹೆಚ್ಚಿಸಬೇಕಾಗಬಹುದು, ವಾಂತಿಯಾಗುತ್ತಿದ್ದರೆ ಚುಚ್ಚುಮದ್ದಿನ ಮೂಲಕ ಕೊಡಬೇಕಾಗಬಹುದು. "ಜ್ವರವಿದೆ, ಹೊಟ್ಟೆಗೆ ಏನೂ ತಿಂದಿಲ್ಲ, ಆದ್ದರಿಂದ ಇವತ್ತು ಮಾತ್ರೆ ಬೇಡ" ಎಂಬ ಮಾತು ನಮ್ಮ ಮನೆಗಳಲ್ಲಿ ಬಹಳ ಸಹಜವಾಗಿ ಬರುತ್ತದೆ. ಈ ಮಕ್ಕಳ ವಿಷಯದಲ್ಲಿ ಆ ಮಾತು ಪ್ರಾಣಕ್ಕೆ ಎರವಾಗಬಲ್ಲದು. ಮಗು ವಿಪರೀತ ಮಂಕಾಗಿದ್ದರೆ, ಹೊಟ್ಟೆನೋವೆಂದು ಮುದುಡಿಕೊಂಡರೆ, ನಿಂತಾಗ ತಲೆ ಸುತ್ತಿ ಬಿದ್ದರೆ ಬೆಳಗಾಗುವವರೆಗೆ ಕಾಯಬಾರದು.

ಈಗ ಕಾಣುವ ಪರಿಣಾಮಗಳನ್ನು ನೋಡೋಣ. ಹಸಿವು ವಿಪರೀತವಾಗುತ್ತದೆ, ಊಟ ಮುಗಿಸಿದ ಅರ್ಧ ಗಂಟೆಗೆ ಮಗು ಮತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತದೆ. ಮುಖ ದುಂಡಗಾಗುತ್ತದೆ, ಹೊಟ್ಟೆ ಮುಂದೆ ಬರುತ್ತದೆ, ಬೆನ್ನು ಹಣೆಗಳ ಮೇಲೆ ಕೂದಲು, ದೊಡ್ಡ ಮಕ್ಕಳಲ್ಲಿ ಮೊಡವೆ ಮತ್ತು ಚರ್ಮದ ಮೇಲೆ ಕೆಂಪು ಗೆರೆಗಳು. ಮಗು ಕಾರಣವಿಲ್ಲದೆ ಸಿಡುಕುತ್ತದೆ, ಅಳುತ್ತದೆ, ಹೊಡೆಯಲು ಬರುತ್ತದೆ. ಇದು ಮಗುವಿನ ಹಟವಲ್ಲ, ಔಷಧದ ಕೆಲಸ. ತಂದೆತಾಯಿಗಳು ಇದನ್ನು ತಿಳಿದರೆ ಎಷ್ಟೋ ಏಟುಗಳು ತಪ್ಪುತ್ತವೆ. ಗೆರೆಗಳ ಗುರುತು ಉಳಿಯಬಹುದೆಂಬುದನ್ನು ಬಿಟ್ಟರೆ ಇವುಗಳಲ್ಲಿ ಬಹುತೇಕ ಎಲ್ಲವೂ ಪ್ರಮಾಣ ಇಳಿದಂತೆ ತಿಂಗಳುಗಳಲ್ಲಿ ಮರೆಯಾಗುತ್ತವೆ. ಆ ತಾಯಿಗೆ ನಾವು ಮೊದಲು ಹೇಳಿದ್ದು ಇದನ್ನೇ. ಶಾಲೆಯಲ್ಲಿ ಸಹಪಾಠಿಗಳು "ಗುಂಡ" ಎಂದು ಛೇಡಿಸುವುದನ್ನು ನಿಲ್ಲಿಸಲು ಶಿಕ್ಷಕರಿಗೆ ವಿಷಯ ತಿಳಿಸಿದರೆ ಸಾಕಾದೀತು.

ಕಾಣದವು ಹಾಗಲ್ಲ. ಕಣ್ಣಿನ ಮಸೂರದ ಹಿಂಭಾಗದಲ್ಲಿ ಪೊರೆ ಕಟ್ಟತೊಡಗಿದರೂ ಮಗು ದೂರುವುದಿಲ್ಲ, ಏಕೆಂದರೆ ಎಲ್ಲರಿಗೂ ಹೀಗೆಯೇ ಕಾಣುತ್ತದೆಂದು ಅದು ಭಾವಿಸಿರುತ್ತದೆ. ಕಣ್ಣಿನೊಳಗಿನ ಒತ್ತಡ ಏರಿದರೂ ಅಷ್ಟೇ. ಔಷಧ ಮುಂದುವರಿಯುತ್ತಿದ್ದರೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ನೇತ್ರತಜ್ಞರು ನೋಡಲೇಬೇಕು. ರಕ್ತದೊತ್ತಡ ಏರುವುದು ಮಕ್ಕಳಲ್ಲೂ ಉಂಟು. ಅದನ್ನು ಅಳೆಯಲು ಮಗುವಿನ ತೋಳಿಗೆ ಸರಿಹೊಂದುವ ಚಿಕ್ಕ ಪಟ್ಟಿಯಿರಬೇಕು. ದೊಡ್ಡವರ ಪಟ್ಟಿಯಲ್ಲಿ ಅಳೆದರೆ ಹೆಚ್ಚಿರುವ ಒತ್ತಡ ಕಡಿಮೆಯೆಂದು ತೋರಬಹುದು. ಎಲುಬು ಸವೆಯುತ್ತದೆ, ಸೊಂಟದ ಕೀಲಿನ ಎಲುಬಿಗೆ ರಕ್ತಸಂಚಾರ ಕುಂದಿ ಹಾನಿಯಾಗುವುದು ಅಪರೂಪವಾದರೂ ಗಂಭೀರ. ಮಗು ಕುಂಟಿದರೆ, ತೊಡೆ ಅಥವಾ ಮೊಣಕಾಲು ನೋಯುತ್ತದೆಂದರೆ ಆಟದ ಪೆಟ್ಟೆಂದು ಎಣ್ಣೆ ತಿಕ್ಕಿ ಸುಮ್ಮನಾಗಬಾರದು. ನೆಲದಿಂದ ಏಳುವಾಗ ಕೈಯೂರಿ ಕಷ್ಟಪಟ್ಟು ಏಳುತ್ತಿದ್ದರೆ ತೊಡೆಯ ಸ್ನಾಯುಗಳು ಸೊರಗಿವೆಯೆಂದು ಸಂದೇಹಿಸಬೇಕು.

ಎತ್ತರದ ವಿಷಯದಲ್ಲಿ ಪಾಲಕರೇ ಒಳ್ಳೆಯ ಪರೀಕ್ಷಕರು. ಶಾಲೆಗೆ ಹೋಗುವ ವಯಸ್ಸಿನ ಮಗು ಸಾಮಾನ್ಯವಾಗಿ ವರ್ಷಕ್ಕೆ 5ರಿಂದ 6 ಸೆಂಟಿಮೀಟರ್ ಬೆಳೆಯುತ್ತದೆ. ಬಾಗಿಲ ಚೌಕಟ್ಟಿನ ಮೇಲೆ ಮೂರು ತಿಂಗಳಿಗೊಮ್ಮೆ ಗೆರೆ ಎಳೆದು ತಾರೀಕು ಬರೆದಿಟ್ಟರೆ ಬೆಳವಣಿಗೆ ನಿಂತಿರುವುದು ವರ್ಷ ಕಳೆಯುವ ಮೊದಲೇ ಗೊತ್ತಾಗುತ್ತದೆ. ತೂಕ ಏರುತ್ತಿದೆ, ಗೆರೆ ಏರುತ್ತಿಲ್ಲ ಎಂದರೆ ಔಷಧ ಹೆಚ್ಚಾಗುತ್ತಿದೆಯೆಂಬ ಸೂಚನೆ. ಪ್ರೌಢಾವಸ್ಥೆಗೆ ಮೊದಲೇ ಸ್ಟೀರಾಯ್ಡ್ ಇಳಿಸಲು ಸಾಧ್ಯವಾದರೆ ಅನೇಕ ಮಕ್ಕಳು ಹಿಂದುಳಿದ ಎತ್ತರವನ್ನು ಬಹುಮಟ್ಟಿಗೆ ಮತ್ತೆ ಪಡೆಯುತ್ತಾರೆ. ಇಳಿಸಲು ದಾರಿಗಳಿವೆ. ಕಾಯಿಲೆ ಪದೇ ಪದೇ ಮರುಕಳಿಸುವ ಮಕ್ಕಳಿಗೆ ಲೆವಾಮಿಸೋಲ್, ಮೈಕೊಫಿನೊಲೇಟ್, ಟ್ಯಾಕ್ರೊಲಿಮಸ್ ಮೊದಲಾದ ಬದಲಿ ಔಷಧಗಳನ್ನು ಕೊಟ್ಟು ಸ್ಟೀರಾಯ್ಡಿನ ಭಾರ ತಗ್ಗಿಸುತ್ತಾರೆ. (ಲೆವಾಮಿಸೋಲ್ ಮೂಲತಃ ಜಂತುಹುಳುವಿನ ಔಷಧ! ಚೀಟಿಯಲ್ಲಿ ಅದನ್ನು ಕಂಡು "ಹುಳುವಿನ ಮಾತ್ರೆ ಏಕೆ" ಎಂದು ಬಿಟ್ಟವರನ್ನೂ ಕಂಡಿದ್ದೇವೆ.) ಇವುಗಳಿಗೂ ತಮ್ಮದೇ ಅಡ್ಡ ಪರಿಣಾಮಗಳುಂಟು, ಆಯ್ಕೆ ಮಕ್ಕಳ ಮೂತ್ರಪಿಂಡ ತಜ್ಞರದು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮಕ್ಕಳ ಮೂತ್ರಪಿಂಡ ವಿಭಾಗವಿದೆ. ಮೈಸೂರಿನ ಚೆಲುವಾಂಬ ಆಸ್ಪತ್ರೆಯ ಮಕ್ಕಳ ವೈದ್ಯರನ್ನು ಮೊದಲು ಕಂಡು, ಅಗತ್ಯವಿದ್ದರೆ ಅವರ ಪತ್ರದೊಂದಿಗೆ ಹೋಗುವುದು ಸುಲಭ.

ಸೋಂಕಿನ ಮಾತನ್ನು ಪ್ರತ್ಯೇಕವಾಗಿ ಹೇಳಬೇಕು. ಸ್ಟೀರಾಯ್ಡ್ ರೋಗನಿರೋಧಕ ಶಕ್ತಿಯನ್ನು ಕುಂದಿಸುವುದಲ್ಲದೆ ಜ್ವರ ನೋವುಗಳನ್ನೂ ಮರೆಮಾಚುತ್ತದೆ. ಅತ್ಯಂತ ಭಯ ಸೀತಾಳೆ ಸಿಡುಬಿನದು. ನಮ್ಮ ಕಡೆ ಅದನ್ನು "ಅಮ್ಮ" ಎಂದು ಕರೆದು, ಬೇವಿನ ಸೊಪ್ಪು ಕಟ್ಟಿ, ಆಸ್ಪತ್ರೆಗೆ ಹೋಗದೆ ಮನೆಯಲ್ಲೇ ತಂಪು ಮಾಡುವ ರೂಢಿಯಿದೆ. ಆರೋಗ್ಯವಂತ ಮಗು ಹಾಗೆಯೇ ಗುಣವಾಗುತ್ತದೆ. ಸ್ಟೀರಾಯ್ಡ್ ಸೇವಿಸುತ್ತಿರುವ ಮಗುವಿನಲ್ಲಿ ಅದೇ ರೋಗ ಶ್ವಾಸಕೋಶಕ್ಕೂ ಯಕೃತ್ತಿಗೂ ಹಬ್ಬಬಹುದು. ಪಕ್ಕದ ಮನೆಯಲ್ಲಿ ಅಥವಾ ತರಗತಿಯಲ್ಲಿ ಯಾರಿಗಾದರೂ ಬಂದಿದೆಯೆಂದು ತಿಳಿದ ದಿನವೇ, ಗುಳ್ಳೆ ಏಳುವುದನ್ನು ಕಾಯದೆ, ವೈದ್ಯರಿಗೆ ತಿಳಿಸಬೇಕು. ದೇವಿಗೆ ಸಲ್ಲಿಸುವ ಭಕ್ತಿಗೆ ಇದರಿಂದ ಕೊರತೆಯಿಲ್ಲ. ಬೇವಿನ ಸೊಪ್ಪೂ ಇರಲಿ, ಔಷಧವೂ ಇರಲಿ. ಲಸಿಕೆಗಳಲ್ಲಿ ಜೀವಂತ ಲಸಿಕೆಗಳನ್ನು, ಅಂದರೆ ದಡಾರ ರುಬೆಲ್ಲಾ ಲಸಿಕೆ, ಸೀತಾಳೆ ಸಿಡುಬಿನ ಲಸಿಕೆ, ಬಾಯಿಗೆ ಹಾಕುವ ಪೋಲಿಯೊ ಹನಿ ಇವುಗಳನ್ನು, ದೊಡ್ಡ ಪ್ರಮಾಣದ ಸ್ಟೀರಾಯ್ಡ್ ನಡೆಯುತ್ತಿರುವಾಗ ಹಾಕಿಸುವಂತಿಲ್ಲ. ಪಲ್ಸ್ ಪೋಲಿಯೊ ದಿನ ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಔಷಧದ ವಿಷಯ ತಿಳಿಸಿರಿ. ನ್ಯುಮೊಕಾಕಸ್‌ನಂತಹ ಇತರ ಲಸಿಕೆಗಳು ಈ ಮಕ್ಕಳಿಗೆ ಮತ್ತಷ್ಟು ಅಗತ್ಯ.

ಉಬ್ಬಸದ ಮಕ್ಕಳ ಪಾಲಕರು ಇಲ್ಲಿಯವರೆಗಿನದನ್ನು ಓದಿ ಇನ್‌ಹೇಲರ್ ಎಸೆದುಬಿಟ್ಟಾರೆಂಬ ಆತಂಕ ನಮಗಿದೆ. ಬೆಂಗಳೂರಿನಲ್ಲಿ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ನಡೆಸಿದ ಅಧ್ಯಯನದಂತೆ 1979ರಲ್ಲಿ ಶೇ. 9ರಷ್ಟಿದ್ದ ಉಬ್ಬಸವು 1999ರ ಹೊತ್ತಿಗೆ ಶೇ. 29.5ಕ್ಕೆ ಏರಿತ್ತು. ಇವರಲ್ಲಿ ಅನೇಕರಿಗೆ ದಿನವೂ ಸೇದುವ ಸ್ಟೀರಾಯ್ಡ್ ಬೇಕಾಗುತ್ತದೆ. ಆದರೆ ಮಾತ್ರೆಯ ಅಳತೆ ಮಿಲಿಗ್ರಾಂನದು, ಇನ್‌ಹೇಲರಿನದು ಅದರ ಸಾವಿರದಲ್ಲಿ ಒಂದು ಪಾಲಾದ ಮೈಕ್ರೊಗ್ರಾಂನದು. ದಿನಕ್ಕೆ 200 ಮೈಕ್ರೊಗ್ರಾಂ ಎಂದರೆ 20 ಮಿಲಿಗ್ರಾಂನ ನೂರನೆಯ ಒಂದು ಪಾಲು, ಅದೂ ನೇರವಾಗಿ ಶ್ವಾಸನಾಳಕ್ಕೆ. ವರ್ಷಗಟ್ಟಲೆ ಬಳಸಿದ ಮಕ್ಕಳು ವಯಸ್ಕರಾದಾಗ ಎತ್ತರದಲ್ಲಿ ಸುಮಾರು ಒಂದು ಸೆಂಟಿಮೀಟರ್ ಕಡಿಮೆಯಾಗಿರುವುದು ದೀರ್ಘ ಅಧ್ಯಯನಗಳಲ್ಲಿ ಕಂಡಿದೆ. ಹತೋಟಿಯಿಲ್ಲದ ಉಬ್ಬಸ ಅದಕ್ಕಿಂತ ಹೆಚ್ಚನ್ನು ಕಸಿಯುತ್ತದೆ. ಸ್ಪೇಸರ್ ಬಳಸಿ, ಸೇದಿದ ಮೇಲೆ ಬಾಯಿ ಮುಕ್ಕಳಿಸಿದರೆ ಬಾಯಿಹುಣ್ಣೂ ತಪ್ಪುತ್ತದೆ. ಇನ್‌ಹೇಲರಿಗೆ ಅಂಜಿ ಬಿಟ್ಟವರೇ ಕೊನೆಗೆ ಪದೇ ಪದೇ ಮಾತ್ರೆಯ ಸ್ಟೀರಾಯ್ಡಿಗೆ ಬರುವುದನ್ನು ಕಾಣುತ್ತೇವೆ.

ಹೆಸರು ಹೇಳದೆ ಒಳಸೇರುವ ಸ್ಟೀರಾಯ್ಡೂ ಇದೆ. ಎಳೆಗೂಸಿನ ತೊಡೆಸಂದಿನ ಕೆಂಪಿಗೆ ಅಂಗಡಿಯವರು ಕೊಟ್ಟ ಮುಲಾಮನ್ನು ವಾರಗಟ್ಟಲೆ ಹಚ್ಚಿ, ಕೂಸಿನ ಮುಖವೇ ಊದಿಕೊಂಡ ಉದಾಹರಣೆಗಳಿವೆ. ಎಳೆಯ ಚರ್ಮ ಬಲವಾದ ಮುಲಾಮನ್ನು ಒಳಕ್ಕೆ ಹೀರಿಕೊಳ್ಳುತ್ತದೆ. ಉಬ್ಬಸಕ್ಕೂ ಕೀಲುನೋವಿಗೂ ಊರೂರು ತಿರುಗಿ ಮಾರುವ ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಪ್ರಯೋಗಾಲಯಗಳಲ್ಲಿ ಪತ್ತೆಯಾಗಿದೆ. ಪುಡಿ ತಿಂದ ಎರಡನೆಯ ದಿನವೇ ಪವಾಡದಂತೆ ಗುಣ ಕಂಡರೆ ಸಂದೇಹಿಸಬೇಕು. ಇನ್ನು ಜನ್ಮತಃ ಅಡ್ರಿನಲ್ ಗ್ರಂಥಿಯ ದೋಷವಿರುವ ಮಕ್ಕಳಿಗೆ ಕೊಡುವ ಹೈಡ್ರೊಕಾರ್ಟಿಸೋನ್ ವಿಷಯ ಬೇರೆಯೇ. ಅದು ದೇಹದಲ್ಲಿ ಇಲ್ಲದುದನ್ನು ತುಂಬುವ ಔಷಧ. ಅದನ್ನು ಒಂದು ದಿನವೂ ಬಿಡುವಂತಿಲ್ಲ.

ಆಹಾರದಲ್ಲಿ ಕಟ್ಟುನಿಟ್ಟಿನ ಪಥ್ಯವೇನೂ ಬೇಕಿಲ್ಲ, ಉಪ್ಪು ಮತ್ತು ಬೇಕರಿ ತಿನಿಸಿನ ಮೇಲೆ ಹಿಡಿತವಿರಲಿ. ದಾಸೋಹದ ಪಂಕ್ತಿಯಲ್ಲಿ ಕುಳಿತಾಗಲೂ ಮಗುವಿನ ಎಲೆಗೆ ಉಪ್ಪಿನಕಾಯಿ, ಹಪ್ಪಳ ಬಡಿಸದಿರಲು ಹೇಳಬಹುದು. ಹಸಿವೆಯೆಂದಾಗ ಚಿಪ್ಸಿನ ಬದಲು ಸೌತೆಕಾಯಿ, ಮಜ್ಜಿಗೆ, ಮೊಳಕೆಕಾಳು ಕೊಡಿ. ನಮ್ಮ ರಾಗಿ ಇಲ್ಲಿ ದೊಡ್ಡ ನೆರವು. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶವಿದೆ. ಅದರೊಂದಿಗೆ ವೈದ್ಯರು ಬರೆದುಕೊಟ್ಟ ವಿಟಮಿನ್ ಡಿ. ಹರಕೆಯ ಸೋಮವಾರವಾಗಲಿ ಶಿವರಾತ್ರಿಯಾಗಲಿ, ಉಪವಾಸ ಹಿರಿಯರಿಗಿರಲಿ. ಮಾತ್ರೆ ತಿನ್ನುವ ಮಗುವಿಗೆ ಬೇಡ.

ಆ ತಾಯಿಗೆ ನಾವು ಎರಡು ವಸ್ತುಗಳನ್ನು ಕೊಟ್ಟು ಕಳುಹಿಸಿದೆವು. ಒಂದು ನೋಟುಪುಸ್ತಕ. ಪ್ರತಿದಿನ ಬೆಳಗಿನ ಮೂತ್ರವನ್ನು ಪಟ್ಟಿಯಿಂದ ಪರೀಕ್ಷಿಸಿ ಬಣ್ಣವನ್ನು ಅದರಲ್ಲಿ ಗುರುತಿಸಬೇಕು. ಮೂರು ದಿನ ಸತತವಾಗಿ ಮೂರು ಪ್ಲಸ್ ಬಂದರೆ ಕಾಯಿಲೆ ಮರುಕಳಿಸಿದೆಯೆಂದು ಅರ್ಥ, ಊತ ಬರುವ ಮೊದಲೇ ಬರಬೇಕು. ಎರಡನೆಯದು ಅಂಗೈಯಗಲದ ಒಂದು ಕಾರ್ಡು. ಮಗುವಿನ ಹೆಸರು, ಕಾಯಿಲೆ, ಸ್ಟೀರಾಯ್ಡಿನ ಹೆಸರು ಮತ್ತು ಇಂದಿನ ಪ್ರಮಾಣ, ಆರಂಭಿಸಿದ ದಿನಾಂಕ, ಜೊತೆಗೆ ಕನ್ನಡದಲ್ಲಿ ದೊಡ್ಡಕ್ಷರದ ಒಂದು ಸಾಲು: "ಈ ಔಷಧವನ್ನು ಹಠಾತ್ತನೆ ನಿಲ್ಲಿಸಬಾರದು." ಆ ನಡುವೆ ಬಾಲಕನಿಗೆ ಕಾಯಿಲೆ ಒಮ್ಮೆ ಮರುಕಳಿಸಿತು. ನೋಟುಪುಸ್ತಕದಿಂದಾಗಿ ಮೂರನೆಯ ದಿನವೇ ಗೊತ್ತಾಯಿತು, ಆಸ್ಪತ್ರೆಗೆ ಸೇರಿಸಬೇಕಾಗಲಿಲ್ಲ. ಈಗ ಮಾತ್ರೆ ದಿನ ಬಿಟ್ಟು ದಿನಕ್ಕೆ ಇಳಿದಿದೆ. ಬಾಗಿಲ ಚೌಕಟ್ಟಿನಲ್ಲಿ ಮೂರು ಗೆರೆಗಳಾಗಿವೆ. ಕಾರ್ಡು ಶಾಲೆಯ ಚೀಲದ ಒಳಜೇಬಿನಲ್ಲಿದೆ, ಅದರ ಇನ್ನೊಂದು ಪ್ರತಿಯನ್ನು ತಂದೆ ತಮ್ಮ ಕಾರ್ಖಾನೆಯ ಗುರುತಿನ ಚೀಟಿಯ ಹಿಂದೆ ಇಟ್ಟುಕೊಂಡಿದ್ದಾರೆ. ಮುಂದಿನ ಕಣ್ಣಿನ ಪರೀಕ್ಷೆ ದೀಪಾವಳಿ ಕಳೆದ ವಾರ.